ಲೇಪದ ದಪ್ಪವೂ ಅಳತೆಯ ಸತ್ಯವೂ

ಕಾರ್ಕಳದ ಆಸುಪಾಸಿನ ಒಂದು ಹಳ್ಳಿಯಲ್ಲಿ ಬಹಳ ವರ್ಷಗಳ ಹಿಂದೆ ಒಂದು ಚಿಕ್ಕ ದಿನಸಿ ಅಂಗಡಿಯಿತ್ತು. ಕಿಲೋಗ್ರಾಮಿನ ಲೆಕ್ಕ ಬಂದು ವರ್ಷಗಳೇ ಕಳೆದಿದ್ದರೂ ಅಲ್ಲಿ ಅಕ್ಕಿಯನ್ನೂ ಹುರುಳಿಯನ್ನೂ ಸೇರಿನಿಂದಲೇ ಅಳೆದು ಕೊಡುವ ರೂಢಿ ಉಳಿದುಕೊಂಡಿತ್ತು. ಒಂದು ದಿನ ಆ ಹಿತ್ತಾಳೆಯ ಸೇರು ಕೈಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದಿತು. ಬಾಯಿಗೆ ಏನೂ ಆಗಲಿಲ್ಲ. ತಳ ಮಾತ್ರ ತುಸು ಒಳಕ್ಕೆ ನೆಗ್ಗಿತು. ತುಂಬಿ ಕೋಲೆಳೆದರೆ ಸೇರು ಮೊದಲಿನಂತೆಯೇ ತುಂಬಿ ಕಾಣುತ್ತಿತ್ತು. ಕೊಳ್ಳುವವರ ಕಣ್ಣು ಸೇರಿನ ಬಾಯಿಯ ಮೇಲಿರುತ್ತದೆಯೇ ಹೊರತು ತಳದ ಮೇಲಲ್ಲ. ಆದ ಕೊರತೆಯೂ ಒಂದು ಹಿಡಿ ಅಕ್ಕಿಗಿಂತ ಕಡಮೆ.

ಅಂಗಡಿಯ ಯಜಮಾನರು ಅಂದೇ ಆ ಸೇರನ್ನು ಹಟ್ಟಿಗೆ ಕಳುಹಿಸಿದರು. ಹೊಸದು ಬರುವವರೆಗೆ ನೆರೆಮನೆಯಿಂದ ಒಂದನ್ನು ಕೇಳಿ ತಂದು ವ್ಯಾಪಾರ ನಡೆಸಿದರು. ನೆಗ್ಗಿದ ಸೇರು ದನಗಳಿಗೆ ಬೂಸಾ ಹಾಕುವ ಪಾತ್ರೆಯಾಯಿತು. “ಯಾರಿಗೂ ತಿಳಿಯುವುದಿಲ್ಲವಲ್ಲ, ಅಪ್ಪಾ” ಎಂದ ಹತ್ತು ವರ್ಷದ ಮಗನಿಗೆ ಅವರು “ನಿನಗೆ ತಿಳಿಯಿತಲ್ಲ” ಎಂದಷ್ಟೇ ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದರು.

ಆ ಮಗ ಮುಂದೆ ತಾಂತ್ರಿಕ ಶಿಕ್ಷಣ ಪಡೆದು ಪಶ್ಚಿಮ ಕರಾವಳಿಯ ಒಂದು ಹಡಗು ನಿರ್ಮಾಣ ಕೇಂದ್ರದಲ್ಲಿ ಲೇಪನ ಪರೀಕ್ಷಕರಾಗಿ ಕೆಲಸಕ್ಕೆ ಸೇರಿದರು. ಉಕ್ಕಿನ ಮೇಲೆ ಬಳಿದ ಬಣ್ಣವು ಇರಬೇಕಾದಷ್ಟು ದಪ್ಪವಾಗಿದೆಯೇ ಎಂದು ಅಳೆದು, ಬರೆದು, ರುಜು ಹಾಕುವುದೇ ಅವರ ಉದ್ಯೋಗ. ಊರಿನವರಿಗೆ ಇದೊಂದು ತಮಾಷೆಯ ವಿಷಯವಾಗಿತ್ತು. ಬಣ್ಣವೆಂದರೆ ಅಂದಕ್ಕೆ ಬಳಿಯುವುದು, ಅದನ್ನು ಅಳೆಯುವುದಕ್ಕೂ ಒಬ್ಬರಿಗೆ ಸಂಬಳವೇ ಎಂದು ಅವರು ನಗುತ್ತಿದ್ದರು. ಹಾಗೆ ನಗುವವರಿಗೆಲ್ಲ ಪರೀಕ್ಷಕರು ಸಮಾಧಾನದಿಂದ ವಿವರಿಸುತ್ತಿದ್ದರು. ಆ ವಿವರಣೆ ಉಕ್ಕನ್ನು ನಂಬಿ ಬಾಳುವ ಎಲ್ಲರಿಗೂ ಸಲ್ಲುವಂಥದಾಗಿದೆ.

ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಒಟ್ಟಿಗೆ ತಗಲಿದರೆ ಅದು ತುಕ್ಕು ಹಿಡಿಯುತ್ತದೆ. ಜತೆಗೆ ಉಪ್ಪು ಸೇರಿದರೆ ಈ ಕ್ರಿಯೆ ಬಹು ಬೇಗ ಸಾಗುತ್ತದೆ. ಕಡಲತೀರದ ಮನೆಗಳ ಕಿಟಕಿಯ ಸರಳುಗಳನ್ನು ನೋಡಿದವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದ್ದರಿಂದ ಒಂದು ಸೂಜಿಮೊನೆಯಷ್ಟು ಕಡೆ ಹುಟ್ಟಿದ ತುಕ್ಕು ಸುತ್ತಲಿನ ಬಣ್ಣವನ್ನು ಒಳಗಿನಿಂದ ಎತ್ತುತ್ತ, ಹೊಸ ಉಕ್ಕನ್ನು ಬಯಲಿಗೆ ತರುತ್ತ, ಹರಡುತ್ತಲೇ ಹೋಗುತ್ತದೆ.

ಬಣ್ಣದ ಲೇಪ ಇದನ್ನು ತಡೆಯುವ ಗೋಡೆ. ಆದರೆ ಯಾವ ಬಣ್ಣವೂ ಪೂರ್ಣವಾಗಿ ನೀರಾವಿಯನ್ನು ತಡೆಯಲಾರದು. ಎಷ್ಟೇ ಒಳ್ಳೆಯ ಲೇಪದ ಮೂಲಕವೂ ತೇವವು ನಿಧಾನವಾಗಿ ಒಳಗೆ ಸರಿಯುತ್ತಲೇ ಇರುತ್ತದೆ. ಲೇಪ ದಪ್ಪವಾಗಿದ್ದಷ್ಟೂ ಅದು ಸಾಗಬೇಕಾದ ದಾರಿ ದೀರ್ಘ, ಉಕ್ಕಿನ ಆಯುಷ್ಯವೂ ದೀರ್ಘ. ಈ ದಪ್ಪವನ್ನು ಮೈಕ್ರಾನ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಮನುಷ್ಯನ ತಲೆಗೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ದಪ್ಪವಿರುತ್ತದೆ. ಉಪ್ಪು ಗಾಳಿಯ ಕಡಲತೀರದಲ್ಲಿ ನಿಲ್ಲುವ ಉಕ್ಕಿನ ರಚನೆಯೊಂದು 25 ವರ್ಷಕ್ಕೂ ಮೀರಿ ಬಣ್ಣವನ್ನು ಉಳಿಸಿಕೊಳ್ಳಬೇಕಾದರೆ, ಸತುವಿನ ಪುಡಿ ತುಂಬಿದ ಪ್ರೈಮರಿನಿಂದ ಮೊದಲುಗೊಂಡು ಒಟ್ಟು 320 ಮೈಕ್ರಾನಿನಷ್ಟು ಲೇಪ ಬೇಕೆಂದು ಇಂದಿನ ಅಂತರರಾಷ್ಟ್ರೀಯ ಮಾನಕಗಳು ಸೂಚಿಸುತ್ತವೆ. ಅಂದರೆ ನಾಲ್ಕೈದು ಕೂದಲೆಳೆಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಸಾವಿರಾರು ಟನ್ ಉಕ್ಕಿನ ಭವಿಷ್ಯ ಇಷ್ಟು ತೆಳುವಾದ ಪದರದ ಮೇಲೆ ನಿಂತಿರುತ್ತದೆ.

ಇಲ್ಲಿಯೇ ಮನುಷ್ಯನ ಪ್ರಾಮಾಣಿಕತೆಯ ಪ್ರಶ್ನೆ ಹುಟ್ಟುತ್ತದೆ. ಬಣ್ಣವು ತನ್ನ ಕೊರತೆಯನ್ನು ತಾನೇ ಮುಚ್ಚಿಕೊಳ್ಳುವ ವಸ್ತು. 150 ಮೈಕ್ರಾನಿನ ಲೇಪವೂ 320 ಮೈಕ್ರಾನಿನ ಲೇಪವೂ ಬಳಿದ ಮರುದಿನ ಒಂದೇ ರೀತಿ ಹೊಳೆಯುತ್ತವೆ. ಕಣ್ಣಿಗೂ ಬೆರಳಿಗೂ ವ್ಯತ್ಯಾಸ ತಿಳಿಯದು. ಅದನ್ನು ಹೇಳುವುದು ಕಾಲ ಮಾತ್ರ. ಕಾಲ ಹೇಳುವ ಹೊತ್ತಿಗೆ ಬಳಿದವರು ಕೂಲಿ ಪಡೆದು ಹೋಗಿರುತ್ತಾರೆ, ರುಜು ಹಾಕಿದವರು ನಿವೃತ್ತರಾಗಿರುತ್ತಾರೆ.

“ಎರಡು ಕೋಟು ಹಾಕಿದ್ದೇವೆ” ಎಂಬ ಮಾತನ್ನು ನಾವು ಎಲ್ಲೆಡೆ ಕೇಳುತ್ತೇವೆ. ಆದರೆ ಕೋಟುಗಳ ಎಣಿಕೆ ಅಳತೆಯಲ್ಲ. ಡಬ್ಬಿಯಲ್ಲಿರುವ ಬಣ್ಣದಲ್ಲಿ ಒಂದು ಭಾಗ ಆವಿಯಾಗಿ ಹೋಗುವ ದ್ರಾವಕ. ಉಳಿಯುವ ಘನಭಾಗವೇ ಲೇಪ. ಘನಭಾಗ ನೂರಕ್ಕೆ 80 ಇರುವ ಬಣ್ಣವನ್ನು 200 ಮೈಕ್ರಾನಿನಷ್ಟು ಹಸಿಯಾಗಿ ಬಳಿದರೆ ಒಣಗಿದ ಮೇಲೆ ಉಳಿಯುವುದು 160. ಎರಡು ಕೋಟಿಗೆ 320. ಅದೇ ಬಣ್ಣದ ಹತ್ತು ಲೀಟರಿಗೆ ಒಂದು ಲೀಟರು ಥಿನ್ನರ್ ಬೆರೆಸಿದರೆ ಬಳಿಯುವವನ ಕೈಗೆ ಹಗುರವಾಗುತ್ತದೆ, ಸರಾಗವಾಗಿ ಹರಡುತ್ತದೆ. ಆದರೆ ಅದೇ 200 ಮೈಕ್ರಾನ್ ಹಸಿ ಲೇಪ ಒಣಗಿದಾಗ ಸುಮಾರು 145 ಆಗುತ್ತದೆ. ಎರಡು ಕೋಟಿಗೆ 290. ಕೋಟುಗಳ ಎಣಿಕೆ ತಪ್ಪಲಿಲ್ಲ, ಬಣ್ಣದ ಹೊಳಪು ತಪ್ಪಲಿಲ್ಲ, ತಪ್ಪಿದ್ದು ಅಳತೆಯೊಂದೇ.

ಹಾಗೆಂದು ದಪ್ಪ ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯುವುದೂ ತಪ್ಪು. ಮಿತಿ ಮೀರಿ ಬಳಿದ ಲೇಪದ ಮೇಲ್ಭಾಗ ಮೊದಲು ಒಣಗಿ, ದ್ರಾವಕವು ಒಳಗೇ ಸೆರೆಯಾಗುತ್ತದೆ. ಕೆಲವು ಬಗೆಯ ಸತುವಿನ ಪ್ರೈಮರುಗಳು ದಪ್ಪ ಹೆಚ್ಚಾದರೆ ಬೇಸಗೆಯ ಕೆರೆಯ ಕೆಸರಿನಂತೆ ಬಿರಿಯುತ್ತವೆ. ನೇರ ನಿಂತ ಗೋಡೆಯ ಮೇಲೆ ದಪ್ಪ ಬಣ್ಣ ಜಾರಿ ಇಳಿಬೀಳುತ್ತದೆ. ಗಟ್ಟಿಯಾಗುವಾಗ ಲೇಪದೊಳಗೆ ಉಂಟಾಗುವ ಸೆಳೆತ ಅದನ್ನು ಉಕ್ಕಿನಿಂದ ಎಬ್ಬಿಸಲೂಬಹುದು. ಆದ್ದರಿಂದಲೇ ಮಾನಕಗಳು ಕೆಳಗಿನ ಎಲ್ಲೆಯನ್ನು ಹೇಳುವಂತೆ ಮೇಲಿನ ಎಲ್ಲೆಯನ್ನೂ ಹೇಳುತ್ತವೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆ ಹೆಚ್ಚು ಸುರಿದು ತುಂಬಿಸಲಾಗದು. ಸರಾಸರಿ ಸರಿಯಿದ್ದರೂ ತುಕ್ಕು ಸರಾಸರಿಯನ್ನು ನೋಡಿ ಬರುವುದಿಲ್ಲ. ಅತಿ ತೆಳುವಾದ ಜಾಗವನ್ನು ಹುಡುಕಿಕೊಂಡು ಬರುತ್ತದೆ.

ಅತಿ ತೆಳುವಾದ ಜಾಗಗಳು ಎಲ್ಲಿರುತ್ತವೆ ಎಂಬುದನ್ನು ಅನುಭವಿಗಳು ಬಲ್ಲರು. ಉಕ್ಕಿನ ಚೂಪಾದ ಅಂಚುಗಳಲ್ಲಿ ಹಸಿ ಬಣ್ಣವು ಮೇಲ್ಮೈ ಸೆಳೆತದಿಂದ ಹಿಂದೆ ಸರಿದು ಅಂಚನ್ನು ಬರಿದಾಗಿಸುತ್ತದೆ. ಬೆಸುಗೆಯ ಗೆರೆಗಳ ಮೇಲೆ, ರಂಧ್ರಗಳ ಬಾಯಿಯಲ್ಲಿ, ಪಟ್ಟಿಗಳ ಹಿಂಬದಿಯಲ್ಲಿ ಸ್ಪ್ರೇ ಗನ್ನಿನ ಧಾರೆ ಸರಿಯಾಗಿ ತಲಪುವುದಿಲ್ಲ. ಅದಕ್ಕಾಗಿಯೇ ಇಂಥ ಕಡೆಗಳಲ್ಲಿ ಬ್ರಷ್ಷಿನಿಂದ ಪ್ರತ್ಯೇಕವಾಗಿ ಬಣ್ಣ ತೀಡುವ ಕ್ರಮವಿದೆ. ಬಣ್ಣ ಹಿಡಿಯಲೆಂದು ಉಕ್ಕಿನ ಮೈಯನ್ನು ಗಟ್ಟಿ ಕಣಗಳಿಂದ ಹೊಡೆದು ತರಿತರಿಯಾಗಿಸುವುದರಿಂದ ಅಲ್ಲಿ ಹತ್ತಾರು ಮೈಕ್ರಾನ್ ಎತ್ತರದ ಶಿಖರಗಳೂ ಕಣಿವೆಗಳೂ ಏಳುತ್ತವೆ. ಅಳೆಯುವ ಯಂತ್ರವನ್ನು ನುಣುಪಾದ ತಗಡಿನ ಮೇಲೆ ಸರಿಹೊಂದಿಸಿ ಇಂಥ ಮೈಮೇಲೆ ಇಟ್ಟರೆ ಅದು ಶಿಖರದ ತುದಿಯಿಂದಲ್ಲ, ಅದಕ್ಕಿಂತ ಕೆಳಗಿನಿಂದ ದಪ್ಪವನ್ನು ಎಣಿಸುತ್ತದೆ. ಶಿಖರದ ಮೇಲಿನ ಲೇಪ ಯಂತ್ರ ತೋರಿದ್ದಕ್ಕಿಂತ ತೆಳುವಾಗಿಯೇ ಇರುತ್ತದೆ. ಇದನ್ನು ಮೊದಲ ಬಾರಿ ಕಲಿತ ದಿನ ಪರೀಕ್ಷಕರಿಗೆ ತಳ ನೆಗ್ಗಿದ ಸೇರಿನ ನೆನಪಾಯಿತಂತೆ. ತುಂಬಿದಂತೆ ಕಾಣುವುದು ಬೇರೆ, ತುಂಬಿರುವುದು ಬೇರೆ.

ಅವರ ಕೆಲಸದ ಬಹುಪಾಲು ಹಡಗಿನ ಬ್ಯಾಲಾಸ್ಟ್ ಟ್ಯಾಂಕುಗಳಲ್ಲಿ ನಡೆಯುತ್ತಿತ್ತು. ಸರಕಿಲ್ಲದೆ ಸಾಗುವಾಗ ಹಡಗು ಹಗುರವಾಗಿ ಹೊಯ್ದಾಡದಂತೆ ತೂಕಕ್ಕಾಗಿ ಕಡಲನೀರನ್ನು ತುಂಬಿಕೊಳ್ಳುವ ಕೋಣೆಗಳಿವು. ಒಮ್ಮೆ ನೀರು, ಒಮ್ಮೆ ತೇವದ ಗಾಳಿ, ಸದಾ ಉಪ್ಪು. ತುಕ್ಕಿಗೆ ಇದಕ್ಕಿಂತ ಅನುಕೂಲವಾದ ತಾಣ ಮತ್ತೊಂದಿಲ್ಲ. ಒಳಗೆ ಬೆಳಕಿಲ್ಲ, ನೆಟ್ಟಗೆ ನಿಲ್ಲಲು ಜಾಗವಿಲ್ಲ. ಒಬ್ಬ ಮನುಷ್ಯ ಕಷ್ಟದಿಂದ ನುಸುಳುವಷ್ಟು ರಂಧ್ರಗಳ ಮೂಲಕ ಒಂದು ಅಂಕಣದಿಂದ ಇನ್ನೊಂದಕ್ಕೆ ತೆವಳಬೇಕು. ಹಡಗು ಕಡಲಿಗಿಳಿದ ಮೇಲೆ ಈ ಕೋಣೆಗಳನ್ನು ನೋಡುವವರು ವಿರಳ.

ಹಾಗೆ ನೋಡದೆ ಉಳಿದ ಕೋಣೆಗಳಿಂದ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನ ಲೋಕಕ್ಕೆಲ್ಲ ತಿಳಿದಿದೆ. 1999ರ ಡಿಸೆಂಬರ್ 12ರಂದು ಎರಿಕಾ ಎಂಬ ತೈಲದ ಹಡಗು ಫ್ರಾನ್ಸಿನ ಬ್ರಿಟನಿ ಕರಾವಳಿಯಾಚೆ ಬಿರುಗಾಳಿಯಲ್ಲಿ ಎರಡು ತುಂಡಾಯಿತು. 1975ರಲ್ಲಿ ಕಟ್ಟಿದ ಆ ಹಡಗಿನಲ್ಲಿ ಸುಮಾರು 31,000 ಟನ್ ದಪ್ಪ ಇಂಧನ ತೈಲವಿತ್ತು. ಹಡಗಿನಲ್ಲಿದ್ದ 26 ಮಂದಿ ಭಾರತೀಯ ನಾವಿಕರನ್ನು ಹೆಲಿಕಾಪ್ಟರುಗಳು ಪಾರುಮಾಡಿದವು. ಆದರೆ ಸುಮಾರು 20,000 ಟನ್ ತೈಲ ಕಡಲಿಗೆ ಸೇರಿತು. ಸುಮಾರು 400 ಕಿಲೋಮೀಟರ್ ಉದ್ದದ ತೀರ ಮಲಿನವಾಯಿತು. ರೆಕ್ಕೆಗೆ ತೈಲ ಮೆತ್ತಿ ಹಾರಲಾರದೆ, ಈಜಲಾರದೆ, ಚಳಿಯಲ್ಲಿ ಸತ್ತ ಕಡಲಹಕ್ಕಿಗಳು ಹತ್ತಾರು ಸಾವಿರ. ಆ ಮೂಕ ಜೀವಿಗಳಿಗೂ ಹಡಗಿನ ಲೆಕ್ಕಪತ್ರಗಳಿಗೂ ಏನು ಸಂಬಂಧ?

ಸಂಬಂಧವಿತ್ತು. ಬ್ಯಾಲಾಸ್ಟ್ ಟ್ಯಾಂಕಿನ ಭಾಗದಲ್ಲಿ ಹಡಗಿನ ಒಳರಚನೆ ತುಕ್ಕಿನಿಂದ ತೀರ ಶಿಥಿಲಗೊಂಡಿದ್ದುದನ್ನು ತನಿಖೆ ಎತ್ತಿ ತೋರಿಸಿತು. ಹಡಗು ಮುರಿಯಲು ತೆಳುವಾದ ಬಣ್ಣವೊಂದೇ ಕಾರಣವೆಂದು ಹೇಳುವುದು ಸರಿಯಾಗದು. ಹಳೆಯ ಹಡಗು, ಸಾಲದ ದುರಸ್ತಿ, ಬಿರುಗಾಳಿ ಎಲ್ಲವೂ ಕೂಡಿಬಂದಿದ್ದವು. ಆದರೆ 2008ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವು ಹಡಗಿನ ಒಡೆತನ ಮತ್ತು ನಿರ್ವಹಣೆಗೆ ಹೊಣೆಯಾದವರನ್ನೂ ಅದನ್ನು ಬಾಡಿಗೆಗೆ ಪಡೆದ ತೈಲ ಕಂಪೆನಿಯನ್ನೂ ಮಾತ್ರವಲ್ಲದೆ, ಹಡಗು ಯಾನಕ್ಕೆ ಯೋಗ್ಯವೆಂದು ಪ್ರಮಾಣಪತ್ರ ನೀಡಿದ ಸಂಸ್ಥೆಯನ್ನೂ ತಪ್ಪಿತಸ್ಥವೆಂದು ತೀರ್ಮಾನಿಸಿತು. 2012ರಲ್ಲಿ ಫ್ರಾನ್ಸಿನ ಉಚ್ಚತಮ ನ್ಯಾಯಾಲಯ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಹಡಗನ್ನು ನಡೆಸಿದವರಷ್ಟೇ ಅಲ್ಲ, ಕಾಗದದ ಮೇಲೆ ರುಜು ಹಾಕಿದವರೂ ಹೊಣೆಗಾರರು ಎಂಬ ಮಾತು ಅಂದು ನ್ಯಾಯಾಲಯದ ಬಾಯಿಂದಲೇ ಬಂದಂತಾಯಿತು.

2006ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯು ಹೊಸ ಹಡಗುಗಳ ಬ್ಯಾಲಾಸ್ಟ್ ಟ್ಯಾಂಕುಗಳ ಲೇಪನಕ್ಕೆ ಒಂದು ಕಟ್ಟುನಿಟ್ಟಾದ ಮಾನಕವನ್ನು ಅಂಗೀಕರಿಸಿತು. ಲೇಪ 15 ವರ್ಷಗಳ ಕಾಲ ಒಳ್ಳೆಯ ಸ್ಥಿತಿಯಲ್ಲಿರಬೇಕೆಂಬುದು ಅದರ ಗುರಿ. ಅದಕ್ಕಾಗಿ ಒಣಗಿದ ಲೇಪ 320 ಮೈಕ್ರಾನ್ ಇರಬೇಕು. ತೆಗೆದ ಅಳತೆಗಳಲ್ಲಿ ನೂರಕ್ಕೆ 90 ಆ ಮಟ್ಟವನ್ನು ಮುಟ್ಟಬೇಕು. ಉಳಿದ ಹತ್ತರಲ್ಲಿಯೂ ಯಾವುದೊಂದೂ 288ಕ್ಕಿಂತ ಕೆಳಗಿಳಿಯಕೂಡದು. ಸಮತಟ್ಟಾದ ಕಡೆ ಪ್ರತಿ 5 ಚದರ ಮೀಟರಿಗೆ ಒಂದು, ಜಟಿಲವಾದ ಭಾಗಗಳಲ್ಲಿ ಪ್ರತಿ ಚದರ ಮೀಟರಿಗೆ 5 ಅಳತೆ ತೆಗೆಯಬೇಕು. ಈ ಎಲ್ಲ ವಿವರಗಳೂ ಒಂದು ಕಡತದಲ್ಲಿ ಸೇರಿ, ಆ ಕಡತ ಹಡಗಿನ ಜೀವಮಾನದುದ್ದಕ್ಕೂ ಹಡಗಿನಲ್ಲಿಯೇ ಇರಬೇಕು. ಮಗುವಿನ ಜಾತಕವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆ ಹಡಗು ತನ್ನ ಮೈಯ ಅಳತೆಗಳನ್ನು ಕೊನೆಯವರೆಗೆ ತನ್ನೊಡನೆ ಹೊತ್ತು ತಿರುಗುತ್ತದೆ.

ಇಂಥ ಒಂದು ಕಡತದಲ್ಲಿ ನಮ್ಮ ಪರೀಕ್ಷಕರು ಒಂದು ರಾತ್ರಿ ಸುಳ್ಳು ಬರೆದರು.

ಅದು ಮಳೆಗಾಲ. ಹಡಗಿನ ಒಂದು ದೊಡ್ಡ ಭಾಗವನ್ನು ಮರುದಿನ ಬೆಳಿಗ್ಗೆ ಕ್ರೇನಿನಿಂದ ಎತ್ತಿ ಉಳಿದ ಒಡಲಿಗೆ ಜೋಡಿಸಬೇಕಾಗಿತ್ತು. ಪರೀಕ್ಷಕರು ಬೆಳಗಿನಿಂದ ಒಳಗೆ ತೆವಳಿ ತೆವಳಿ ಅಳೆಯುತ್ತಿದ್ದರು. ರಾತ್ರಿ ಹತ್ತರ ಹೊತ್ತಿಗೆ ಕೊನೆಯ ಎರಡು ಅಂಕಣಗಳು ಉಳಿದವು. ತಗಡಿಗೆ ಬಲ ಕೊಡಲು ಬೆಸೆದ ಪಟ್ಟಿಗಳ ಹಿಂಬದಿ, ಕೈ ತೂರಿಸಿ ಯಂತ್ರ ಹಿಡಿಯಲು ಕಷ್ಟವಾದ ಜಾಗ. ಒಟ್ಟು 48 ಅಳತೆಗಳು. ಮೊಣಕಾಲುಗಳು ನೋಯುತ್ತಿದ್ದವು, ಟಾರ್ಚು ಮಂಕಾಗಿತ್ತು. ಹೊರಗೆ ಮೇಸ್ತ್ರಿ ಎರಡು ಬಾರಿ ಬಂದು “ಇನ್ನೂ ಆಗಲಿಲ್ಲವೇ ಸಾರ್? ಬಣ್ಣ ಕಣ್ಣಿಗೆ ಕಾಣುತ್ತದಲ್ಲ” ಎಂದು ಕೇಳಿ ಹೋಗಿದ್ದ. ಅಳೆದ ಭಾಗವೆಲ್ಲ ಸರಿಯಾಗಿಯೇ ಇತ್ತು. ಉಳಿದದ್ದೂ ಹಾಗೆಯೇ ಇದ್ದೀತು ಎಂದು ಮನಸ್ಸು ಹೇಳಿತು. ಅವರು ಹೊರಗೆ ಬಂದು, ಬೆಂಚಿನ ಮೇಲೆ ಕುಳಿತು, 48 ಅಂಕಿಗಳನ್ನು ಕಲ್ಪಿಸಿ ಬರೆದು ರುಜು ಹಾಕಿದರು.

ಬೆಳಿಗ್ಗೆ ಕ್ರೇನು ಎತ್ತಿತು. ಯಾರೂ ಏನೂ ಕೇಳಲಿಲ್ಲ.

ಕೆಲವು ದಿನಗಳ ಬಳಿಕ ಬೇರಾವುದೋ ಕಾರಣಕ್ಕೆ ಆ ಪುಟವನ್ನು ತೆರೆದಾಗ ಅವರಿಗೆ ಒಂದು ವಿಷಯ ಕಂಡಿತು. ನಿಜವಾಗಿ ತೆಗೆದ ಅಳತೆಗಳು ಒಂದಕ್ಕೊಂದು ಹೊಂದದೆ ಏರಿಳಿಯುತ್ತಿದ್ದವು: 410, 335, 372, 326, 455. ಕಲ್ಪಿಸಿ ಬರೆದ ಅಂಕಿಗಳು ಮಾತ್ರ ಶಾಲೆಯ ಮಕ್ಕಳ ಸಾಲಿನಂತೆ ಶಿಸ್ತಾಗಿ ನಿಂತಿದ್ದವು: 338, 342, 336, 345, 340. ಸತ್ಯಕ್ಕಿಂತ ಸುಳ್ಳೇ ಅಚ್ಚುಕಟ್ಟಾಗಿ ಕಾಣುತ್ತಿತ್ತು. ತಮ್ಮ ಅಕ್ಷರವೇ ತಮ್ಮ ಮೇಲೆ ಸಾಕ್ಷಿ ನುಡಿಯುತ್ತಿದೆಯೆಂದು ಅವರಿಗೆ ಅನಿಸಿತು. ಈ ಪುಟ ಹಡಗಿನೊಡನೆ ಯಾವ ಯಾವ ಕಡಲುಗಳಿಗೋ ಹೋಗುತ್ತದೆ. ಹತ್ತು ವರ್ಷಗಳ ನಂತರ ಯಾರೋ ಒಬ್ಬ ತರುಣ ನಾವಿಕ ಇದನ್ನು ನಂಬಿ, ಆ ಅಂಕಣವನ್ನು ನೋಡದೆ ಮುಂದೆ ಹೋದಾನು.

ಆ ಸಮಯದಲ್ಲಿಯೇ ನಾಲ್ಕು ದಿನ ರಜೆಯ ಮೇಲೆ ಊರಿಗೆ ಹೋಗಬೇಕಾಯಿತು. ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು. ತಂದೆಗೆ ವಯಸ್ಸಾಗಿ ಮಾತು ಕಡಮೆಯಾಗಿತ್ತು. ಸಂಜೆ ಹಟ್ಟಿಗೆ ಹೋದಾಗ ಬೂಸಾದ ಡಬ್ಬಿಯೊಳಗೆ ಆ ತಳ ನೆಗ್ಗಿದ ಸೇರು ಕಂಡಿತು. ಹಿತ್ತಾಳೆಯ ಹೊಳಪು ಮಾಸಿ ಕಪ್ಪಾಗಿತ್ತು, ಆದರೆ ಇನ್ನೂ ಅದೇ ಕೆಲಸದಲ್ಲಿತ್ತು. ಮಾರುವುದಕ್ಕೆ ಅಳೆಯಬಾರದೆಂದು ಬದಿಗಿಟ್ಟ ಮಾನವನ್ನು ಅಷ್ಟು ವರ್ಷಗಳಲ್ಲಿ ಒಂದು ದಿನವೂ ಮತ್ತೆ ಅಂಗಡಿಗೆ ತಂದಿರಲಿಲ್ಲ. ಪರೀಕ್ಷಕರು ತಂದೆಗೆ ಏನನ್ನೂ ಹೇಳಲಿಲ್ಲ. ರಜೆ ಮುಗಿಯುವ ಮೊದಲೇ ಹಿಂತಿರುಗಿ, ತಮ್ಮ ಮೇಲಧಿಕಾರಿಯ ಮುಂದೆ ನಿಂತು, ನಡೆದುದನ್ನು ಇದ್ದಂತೆ ಹೇಳಿದರು.

ಮೇಲಧಿಕಾರಿ ಮೊದಲು ಸಿಟ್ಟಾಗಲಿಲ್ಲ, ಬೇಸರಗೊಂಡರು. ಹೇಳದಿದ್ದರೆ ಯಾರಿಗೆ ತಿಳಿಯುತ್ತಿತ್ತು, ಈಗ ತಿಳಿದ ಮೇಲೆ ತಾನು ಸುಮ್ಮನಿರುವಂತಿಲ್ಲವಲ್ಲ ಎಂಬುದು ಅವರ ಸಂಕಟ. ಅಂಕಣಗಳನ್ನು ಮತ್ತೆ ತೆರೆಸಿದರು. ಹೊಸ ಅಟ್ಟಣೆ ಕಟ್ಟಬೇಕಾಯಿತು, ಎರಡು ದಿನದ ಕೆಲಸ ನಿಂತಿತು. ಮರಳಿ ಅಳೆದಾಗ 48ರಲ್ಲಿ 29 ಕಡೆ ಲೇಪ ಸರಿಯಾಗಿತ್ತು. 8 ಕಡೆ 320ಕ್ಕೆ ತುಸು ಕಡಮೆ. ಉಳಿದ 11 ಕಡೆ 288ಕ್ಕಿಂತಲೂ ಕೆಳಗೆ. ಒಂದು ಪಟ್ಟಿಯ ಹಿಂಬದಿಯ ಅಂಚಿನಲ್ಲಿ ಯಂತ್ರ 145 ತೋರಿಸಿತು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಣ್ಣ, ಒಂದೇ ಹೊಳಪು.

ಇಷ್ಟಕ್ಕೇ ವಿಷಯ ಮುಗಿದಿದ್ದರೆ ಇದು ಪಶ್ಚಾತ್ತಾಪದ ಒಂದು ಸರಳ ಕಥೆಯಾಗುತ್ತಿತ್ತು. ಆದರೆ ಸತ್ಯವನ್ನು ಹೇಳಿದ ಮೇಲೆ ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಆ ಅಂಕಣಗಳಿಗೆ ಬಣ್ಣ ಬಳಿದವನು ದೂರದ ಪೂರ್ವ ಕರಾವಳಿಯಿಂದ ಬಂದ ಇಪ್ಪತ್ತೆರಡು ವರ್ಷದ ಹುಡುಗ. ಬಳಿದ ಚದರ ಮೀಟರಿನ ಲೆಕ್ಕದಲ್ಲಿ ಕೂಲಿ. ಕಳಪೆ ಕೆಲಸವೆಂದು ಮೇಸ್ತ್ರಿ ಅವನ ಹದಿನೈದು ದಿನದ ಕೂಲಿಯನ್ನು ಮುರಿಯಲು ಹೊರಟ. ಹುಡುಗ ಎದುರಾಡಲಿಲ್ಲ, ಎದುರಾಡುವ ಭಾಷೆಯೂ ಅವನಿಗೆ ಅಲ್ಲಿ ಇರಲಿಲ್ಲ. ಆಗ ಪರೀಕ್ಷಕರಿಗೆ ಇನ್ನೊಂದು ನೆನಪು ಬಂದಿತು. ಬಣ್ಣ ಬಳಿದ ದಿನವೇ ಆ ಹುಡುಗ ಅವರ ಬಳಿಗೆ ಬಂದು, ಪಟ್ಟಿಗಳ ಹಿಂದೆ ಗನ್ನು ತಲಪುತ್ತಿಲ್ಲ, ಬ್ರಷ್ಷಿನಿಂದ ತೀಡಲು ಅರ್ಧ ದಿನ ಬೇಕು, ಮೇಸ್ತ್ರಿ ಕೊಡುತ್ತಿಲ್ಲ ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿದ್ದ. ಅವರು ತಲೆಯಾಡಿಸಿ, ಅಳೆಯುವಾಗ ನೋಡುತ್ತೇನೆ ಎಂದಿದ್ದರು. ಅಳೆಯಲೇ ಇಲ್ಲ.

ಅಂದರೆ ಅವರ ತಪ್ಪು 48 ಸುಳ್ಳು ಅಂಕಿಗಳಿಗಿಂತ ದೊಡ್ಡದಾಗಿತ್ತು. ಅವರಿಗೆ ಆ ಜಾಗದ ಬಗ್ಗೆ ಮೊದಲೇ ಎಚ್ಚರಿಕೆ ಸಿಕ್ಕಿತ್ತು. ಈ ಮಾತನ್ನು ಮೊದಲ ತಪ್ಪೊಪ್ಪಿಗೆಯಲ್ಲಿ ಅವರು ಹೇಳಿರಲಿಲ್ಲ. ಮರೆತಿದ್ದರೋ, ಮನಸ್ಸೇ ಮರೆಸಿತ್ತೋ ಅವರಿಗೇ ತಿಳಿಯದು. ಒಪ್ಪಿಕೊಳ್ಳುವಾಗಲೂ ಮನುಷ್ಯ ತನ್ನ ಮೇಲೆ ಬಳಿದುಕೊಳ್ಳುವ ಲೇಪ ತೆಳುವಾಗಿಯೇ ಇರುತ್ತದೆ. ಅವರು ಎರಡನೆಯ ಪತ್ರವನ್ನು ಬರೆದುಕೊಟ್ಟರು. ಹುಡುಗ ಸಮಯಕ್ಕೆ ಸರಿಯಾಗಿ ಹೇಳಿದ್ದನೆಂದೂ, ಕೇಳಿಯೂ ತಾವು ನೋಡಲಿಲ್ಲವೆಂದೂ, ಕೂಲಿ ಮುರಿಯುವುದಾದರೆ ತಮ್ಮ ಸಂಬಳದಲ್ಲಿ ಮುರಿಯಬೇಕೆಂದೂ ಅದರಲ್ಲಿ ಸ್ಪಷ್ಟವಾಗಿತ್ತು. ಹುಡುಗನ ಕೂಲಿ ಉಳಿಯಿತು. ಬ್ರಷ್ಷಿನ ಕೆಲಸಕ್ಕೆ ಅರ್ಧ ದಿನವಲ್ಲ, ಒಂದು ದಿನ ಪೂರ್ತಿ ಸಿಕ್ಕಿತು. ಮೇಸ್ತ್ರಿಗೆ ಏನೂ ಆಗಲಿಲ್ಲ. ಪರೀಕ್ಷಕರನ್ನು ಆರು ತಿಂಗಳ ಕಾಲ ಪರೀಕ್ಷೆಯ ಕೆಲಸದಿಂದ ತೆಗೆದು ಬಣ್ಣದ ಉಗ್ರಾಣಕ್ಕೆ ಹಾಕಿದರು. ಆ ವರ್ಷ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಜತೆಯಲ್ಲಿ ಊಟ ಮಾಡುತ್ತಿದ್ದ ಇಬ್ಬರು ಸಹೋದ್ಯೋಗಿಗಳು ಬೇರೆ ಮೇಜಿಗೆ ಹೋದರು. ಒಬ್ಬರ ಪ್ರಾಮಾಣಿಕತೆ ಉಳಿದವರ ಕಡತಗಳ ಮೇಲೂ ಸಂಶಯ ತರುತ್ತದೆ ಎಂಬುದು ಅವರ ದೂರು. ಆ ದೂರಿನಲ್ಲಿ ಹುರುಳಿಲ್ಲದೆಯೂ ಇರಲಿಲ್ಲ.

ಉಗ್ರಾಣದ ಆರು ತಿಂಗಳು ಅವರಿಗೆ ಶಿಕ್ಷೆಯಾಗಿ ಬಂದು ಪಾಠವಾಗಿ ಪರಿಣಮಿಸಿತು. ಅಂಗಡಿಯ ಮಗನಿಗೆ ಲೆಕ್ಕದ ಪುಸ್ತಕ ಹೊಸದೇನಲ್ಲ. ಘನಭಾಗ ನೂರಕ್ಕೆ 80 ಇರುವ ಬಣ್ಣದಿಂದ 320 ಮೈಕ್ರಾನಿನ ಒಣ ಲೇಪ ಬೇಕಾದರೆ ಒಂದು ಲೀಟರು ಎರಡೂವರೆ ಚದರ ಮೀಟರಿಗಷ್ಟೇ ಸಾಲುತ್ತದೆ. ನೂರು ಚದರ ಮೀಟರಿಗೆ 40 ಲೀಟರು. ಇದು ಉಕ್ಕಿನ ಮೇಲೆ ಉಳಿಯಬೇಕಾದ ಬಣ್ಣ. ಗಾಳಿಗೆ ಹಾರುವುದು, ಡಬ್ಬಿಯಲ್ಲಿ ಮತ್ತು ಕೊಳವೆಯಲ್ಲಿ ಉಳಿಯುವುದು ಇದಕ್ಕೆ ಹೆಚ್ಚುವರಿ. ನೂರು ಚದರ ಮೀಟರಿಗೆ ಉಗ್ರಾಣದಿಂದ 38 ಲೀಟರು ಹೋಗಿದ್ದರೆ ಯಾವ ಯಂತ್ರವನ್ನೂ ಹಿಡಿಯದೆ, ಯಾವ ಕೋಣೆಗೂ ತೆವಳದೆ, ಲೇಪ ಸಾಲದೆಂದು ಹೇಳಿಬಿಡಬಹುದು. ಗೋಡೆಯ ಮೇಲೆ ಇಲ್ಲದ್ದು ಎಲ್ಲಿಯೋ ಉಳಿದಿರಲೇಬೇಕು. ಪುಸ್ತಕಗಳನ್ನು ಜೋಡಿಸಿ ಓದಿದರೆ ಸುಳ್ಳಿಗೆ ಅಡಗುವ ತಾಣ ಕಡಮೆ. ಅವರು ಅಲ್ಲಿಯೇ ಒಂದು ಸರಳ ಕೋಷ್ಟಕವನ್ನು ಸಿದ್ಧಪಡಿಸಿ, ಪ್ರತಿ ಭಾಗಕ್ಕೆ ಹೋದ ಬಣ್ಣವನ್ನೂ ಆ ಭಾಗದ ವಿಸ್ತೀರ್ಣವನ್ನೂ ಎದುರುಬದುರು ಬರೆಯುವ ಪದ್ಧತಿಯನ್ನು ಆರಂಭಿಸಿದರು. ಅವರು ಮರಳಿ ಪರೀಕ್ಷೆಯ ಕೆಲಸಕ್ಕೆ ಹೋದ ಮೇಲೂ ಆ ಪದ್ಧತಿ ಉಳಿಯಿತು.

ಗೃಹಸ್ಥನ ಅಚೌರ್ಯಾಣುವ್ರತಕ್ಕೆ ತಗಲುವ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂಬುದು ಒಂದು. ಕೊಡುವಾಗ ಕಿರಿದಾದ ಮಾನ, ಕೊಳ್ಳುವಾಗ ಹಿರಿದಾದ ಮಾನ ಬಳಸುವುದು ಕಳವಿಗೆ ಸಮೀಪವಾದ ದೋಷವೆಂದು ನಮ್ಮ ಹಿರಿಯರು ಎಣಿಸಿದರು. ಅವರ ಕಣ್ಣಮುಂದೆ ಇದ್ದುದು ಧಾನ್ಯದ ಕೊಳಗ, ಚಿನ್ನದ ತಕ್ಕಡಿ. ಇಂದು ಮಾನಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿವೆ. ಕಾಗದದ ಮೇಲಿನ ಅಂಕಿಗಳಾಗಿವೆ. ತಕ್ಕಡಿಯ ಮುಂದೆ ನಿಂತ ಗಿರಾಕಿ ಮುಳ್ಳನ್ನು ನೋಡಿ ಕೇಳಬಲ್ಲ. ಲೇಪದ ದಪ್ಪವನ್ನು ನಂಬಿ ಹಡಗನ್ನೇರುವವನು ಕೇಳಲಾರ. ಅಳೆಯುವವನನ್ನು ಅವನು ಎಂದೂ ಕಾಣನು. ಕೇಳಲಾರದವನಿಗೆ ಸಲ್ಲಬೇಕಾದ ಅಳತೆಯಲ್ಲಿಯೇ ಮನುಷ್ಯನ ಸತ್ಯ ಪರೀಕ್ಷೆಗೆ ಬರುತ್ತದೆ. ಬ್ರಿಟನಿಯ ತೀರದ ಹಕ್ಕಿಗಳು ಯಾರನ್ನು ಕೇಳಿದ್ದವು?

ಇದು ದೊಡ್ಡ ಹಡಗುಗಳಿಗೆ ಮಾತ್ರ ಸಂಬಂಧಿಸಿದ ಮಾತೂ ಅಲ್ಲ. ಬಸದಿಗಳ ಆಡಳಿತ ಮಂಡಳಿಗಳು ಈಗ ಉಕ್ಕಿನ ಮಾಡುಗಳನ್ನೂ, ನೀರಿನ ಟ್ಯಾಂಕು ಹೊರುವ ಕಂಬಗಳನ್ನೂ, ಯಾತ್ರಿಕರ ಮೆಟ್ಟಿಲುಗಳ ಕೈಪಿಡಿ ಸರಳುಗಳನ್ನೂ ಮಾಡಿಸುತ್ತವೆ. ಕರಾರಿನಲ್ಲಿ ಸಾಮಾನ್ಯವಾಗಿ ಇರುವುದು “ಎರಡು ಕೋಟು ಒಳ್ಳೆಯ ಬಣ್ಣ” ಎಂಬ ಒಂದೇ ಸಾಲು. ಅದರ ಬದಲು ಒಣಗಿದ ಲೇಪ ಎಷ್ಟು ಮೈಕ್ರಾನ್ ಇರಬೇಕು, ಅಳೆಯುವವರು ಯಾರು, ಅಂಚುಗಳಿಗೂ ಬೆಸುಗೆಗಳಿಗೂ ಬ್ರಷ್ಷಿನ ಕೆಲಸಕ್ಕೆ ಬೇರೆ ಕೂಲಿಯುಂಟೇ, ವಿಸ್ತೀರ್ಣಕ್ಕೆ ತಕ್ಕಷ್ಟು ಬಣ್ಣ ಬಂದಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಸೇರಿಸಿದರೆ ಸಾಕು. ಕೇಳಿದ ಮೇಲೆ ಅದಕ್ಕೆ ತಕ್ಕ ಹಣವನ್ನೂ ಸಮಯವನ್ನೂ ಕೊಡುವುದು ಕೊಳ್ಳುವವರ ಧರ್ಮ. ಅತಿ ಕಡಮೆ ದರ ಹೇಳಿದವನಿಗೆ ಕೆಲಸ ಒಪ್ಪಿಸಿ, ಅವಸರ ಮಾಡಿ, ಆಮೇಲೆ ಪೂರ್ಣ ದಪ್ಪವನ್ನು ಬಯಸುವುದೂ ಒಂದು ಬಗೆಯ ಹಿರಿದಾದ ಮಾನವೇ. ಅರ್ಧ ದಿನ ಬೇಡಿದ ಹುಡುಗನಿಗೆ ಅದನ್ನು ಕೊಡದೆ ಇದ್ದವರಲ್ಲಿ ನಾವೆಷ್ಟು ಮಂದಿ ಇದ್ದೇವೆ ಎಂದು ಯೋಚಿಸಬೇಕು.

ಆ ಹಡಗು ಸಕಾಲದಲ್ಲಿ ನೀರಿಗಿಳಿಯಿತು. ಅದರ ಕಡತದಲ್ಲಿ ಒಂದು ಪುಟದ 48 ಅಂಕಿಗಳ ಮೇಲೆ ಒಂದು ಓರೆ ಗೆರೆ ಎಳೆದು, ತಾರೀಖು ಬರೆದು, ರುಜು ಹಾಕಿ, ಮುಂದಿನ ಪುಟದಲ್ಲಿ ಮರಳಿ ತೆಗೆದ ಅಳತೆಗಳನ್ನೂ, ದುರಸ್ತಿಯ ನಂತರದ ಅಳತೆಗಳನ್ನೂ ದಾಖಲಿಸಲಾಗಿದೆ. ಹಳೆಯ ಪುಟವನ್ನು ಕಿತ್ತುಹಾಕಿ ಹೊಸದನ್ನು ಬರೆಯಬಹುದೆಂದು ಯಾರೋ ಸೂಚಿಸಿದ್ದರು. ಪರೀಕ್ಷಕರು ಒಪ್ಪಲಿಲ್ಲ.

ಈಗ ಅವರ ಕೈಕೆಳಗೆ ನಾಲ್ಕಾರು ತರುಣ ಪರೀಕ್ಷಕರಿದ್ದಾರೆ. ಅಂಕಣದ ಕೊನೆಯ ಮೂಲೆಗೆ ಬಂದಾಗ ಅವರಲ್ಲೊಬ್ಬರು “ಅಲ್ಲಿಯೂ ಅಳೆಯಬೇಕೇ ಸಾರ್? ಕೈ ಹೋಗುವುದಿಲ್ಲ” ಎಂದು ಕೇಳುವುದುಂಟು. ಅವರು ಉಪದೇಶ ಮಾಡುವುದಿಲ್ಲ. ತಮ್ಮ ಟಾರ್ಚನ್ನು ಆ ತರುಣನ ಕೈಗೆ ಕೊಟ್ಟು, ಯಂತ್ರವನ್ನು ತಾವೇ ಹಿಡಿದು, ಮೊಣಕಾಲೂರಿ ಮುಂದೆ ತೆವಳುತ್ತಾರೆ.